ಅಜ್ಜಿಯ ಹೆಸರು, ಅಗಸನ ಬೆವರು

ಕರ್ನಾಟಕದಲ್ಲಿ ಈಗ ಅಜ್ಜಿಯರಿಗೆ ಬರವಿಲ್ಲ. ಮೊಬೈಲ್ ತೆರೆದು ಹೆಬ್ಬೆರಳನ್ನು ಒಂದು ಸಲ ಮೇಲಕ್ಕೆ ಜಾರಿಸಿದರೆ ಸಾಕು, ಯಾರದೋ ಅಜ್ಜಿ ಬಂದು ಅಂಗಿಯ ಕಾಲರಿಗೂ ಕುಕ್ಕರಿನ ತಳಕ್ಕೂ ಮೊಮ್ಮಗಳ ಮೊಣಕೈಗೂ ಒಂದೇ ಮದ್ದು ಹೇಳಿ ಹೋಗುತ್ತಾರೆ. ಅಜ್ಜಿ ಖುದ್ದಾಗಿ ಪರದೆಯ ಮೇಲೆ ಬರುವುದು ಅಪರೂಪ. ಅವರ ಪರವಾಗಿ ಉಗುರಿಗೆ ಬಣ್ಣ ಹಚ್ಚಿದ ಒಂದು ಕೈ ಬರುತ್ತದೆ. ಕೈಯಲ್ಲಿ ಅರ್ಧ ಹೋಳು ನಿಂಬೆಹಣ್ಣು, ಹಿನ್ನೆಲೆಯಲ್ಲಿ ವೀಣೆ. ‘ನಮ್ಮಜ್ಜಿ ಹೇಳಿಕೊಟ್ಟ ಗುಟ್ಟು’ ಎಂದು ಲಕ್ಷಾಂತರ ಜನರ ಕಿವಿಯಲ್ಲಿ ಪಿಸುಗುಟ್ಟಿ, ಮೂವತ್ತು ಸೆಕೆಂಡಿನೊಳಗೆ ಮೂರು ವರ್ಷದ ಕಲೆಯನ್ನು ಮಾಯ ಮಾಡಿ, ಕೊನೆಗೆ ಅದೇ ಗುಟ್ಟನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಮಾರುವ ಅಂಗಡಿಯ ದಾರಿ ತೋರಿಸುತ್ತದೆ ಆ ಕೈ.

ಈ ಅಜ್ಜಿಯರ ಬಗ್ಗೆ ನನ್ನ ತಕರಾರು ಒಂದೇ. ಇವರು ಯಾರ ಅಜ್ಜಿ?

ಅನುಮಾನ ಬರುವುದು ವಿನೆಗರಿನಿಂದ. ಹುಣಸೆ, ನಿಂಬೆ, ಅಮಟೆ, ಪುನರ್ಪುಳಿ, ಮಾವಿನಕಾಯಿ, ಹುಳಿಮಜ್ಜಿಗೆ ಇಷ್ಟನ್ನೂ ಕೈಯಳತೆಯಲ್ಲಿ ಇಟ್ಟುಕೊಂಡಿದ್ದ ಕನ್ನಡದ ಅಡುಗೆಮನೆಗೆ ವಿನೆಗರ್ ಬೇಕಾಗಿರಲೇ ಇಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳನ್ನು ಬಿಟ್ಟರೆ, ಉಳಿದವರ ಮನೆಗೆ ಅದು ಬಂದದ್ದು ಗೋಬಿ ಮಂಚೂರಿಯ ಬೆನ್ನು ಹಿಡಿದು. ಗೋಬಿಯ ಕೆಂಪು ಅಂಗಿಯ ಮೇಲೆ ಬಿದ್ದರೆ ಏನು ಮಾಡಬೇಕೆಂದು ಯಾವ ಅಜ್ಜಿಗೂ ತಿಳಿದಿರಲಿಲ್ಲ, ಪಾಪ. ಕಡೆಗೆ ಸರ್ಕಾರವೇ 2024ರ ಮಾರ್ಚ್‌ನಲ್ಲಿ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ವಿಧಾನಸೌಧ ಒಂದು ಕಲೆಯನ್ನು ಬುಡದಲ್ಲೇ ತೆಗೆದ ಅಪರೂಪದ ಪ್ರಸಂಗ ಇದು. ಬೇರೆ ಬಗೆಯ ಕಲೆಗಳ ವಿಚಾರದಲ್ಲಿ ಅಲ್ಲಿ ಇಷ್ಟು ಚುರುಕು ಕಂಡದ್ದಿಲ್ಲ.

ಇರಲಿ. ಈ ವಿನೆಗರನ್ನು ಅಡುಗೆ ಸೋಡಾದ ಮೇಲೆ ಸುರಿಯುವುದು ರೀಲಿನ ಮಹಾಮಂಗಳಾರತಿ. ಸುರಿದ ತಕ್ಷಣ ಬುಸುಬುಸು ನೊರೆ ಉಕ್ಕುತ್ತದೆ. ನೋಡುವವರಿಗೆ ರೋಮಾಂಚನ. ಕೊಳೆ ಚೀರುತ್ತಾ ಓಡಿಹೋಗುತ್ತಿದೆ ಎಂದೇ ಭಾವನೆ. ಓಡಿಹೋಗುತ್ತಿರುವುದು ಇಂಗಾಲದ ಡೈಆಕ್ಸೈಡ್ ಮಾತ್ರ. ವಿನೆಗರ್ ಆಮ್ಲ, ಸೋಡಾ ಪ್ರತ್ಯಾಮ್ಲ. ಬೇರೆಬೇರೆಯಾಗಿ ಇದ್ದಾಗ ಇಬ್ಬರಿಗೂ ಒಂದಿಷ್ಟು ಕಸುಬು ಗೊತ್ತು. ವಿನೆಗರ್ ಕೊಳಾಯಿಯ ಬಾಯಿಗೆ ಕಟ್ಟಿದ ಬಿಳಿ ಸುಣ್ಣವನ್ನು ಕರಗಿಸುತ್ತದೆ, ಸೋಡಾ ತುಸು ಜಿಡ್ಡು ಬಿಡಿಸುತ್ತದೆ, ವಾಸನೆ ಹೀರುತ್ತದೆ. ಇಬ್ಬರನ್ನೂ ಒಂದೇ ಬಟ್ಟಲಿಗೆ ಹಾಕಿದರೆ ಒಬ್ಬರ ಶಕ್ತಿಯನ್ನು ಒಬ್ಬರು ತಿಂದು, ಸೋಡಿಯಂ ಅಸಿಟೇಟ್ ಎಂಬ ನಿರುಪದ್ರವಿ ಉಪ್ಪೂ ನೀರೂ ಉಳಿಯುತ್ತವೆ. ಅಂಗಿಯನ್ನು ಆ ನೀರಿನಲ್ಲಿ ನೆನೆಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದರೂ ಅಂಗಿ ಬೆಳ್ಳಗಾಯಿತಲ್ಲ ಎನ್ನುವಿರಾ? ವಿಡಿಯೋ ನಡುವೆ ಕತ್ತರಿ ಬಿದ್ದ ಜಾಗವನ್ನು ಇನ್ನೊಮ್ಮೆ ನೋಡಿ.

ಅರಿಸಿನದ ಕಲೆಯದು ಇನ್ನೂ ಚಂದದ ನಾಟಕ. ಮದುವೆ ಮನೆಯ ಸಾರು ಬಿಳಿ ಪಂಚೆಯ ಮೇಲೆ ಚೆಲ್ಲಿತು ಅನ್ನಿ. ಗಾಬರಿಯಿಂದ ಸೋಪು ಉಜ್ಜಿದರೆ ಹಳದಿ ಇದ್ದದ್ದು ರಕ್ತದ ಬಣ್ಣಕ್ಕೆ ತಿರುಗುತ್ತದೆ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ಕಂಡರೆ ಕೆಂಪಾಗುವುದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಅದಕ್ಕಿಂತ ಮೊದಲೇ, ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಆರತಿ ಎತ್ತಿದ ಪ್ರತಿಯೊಬ್ಬ ಮುತ್ತೈದೆಗೂ ಗೊತ್ತಿತ್ತು. ರೀಲಿನ ಅಜ್ಜಿ ಈಗ ಏನು ಮಾಡುತ್ತಾರೆ? ಕೆಂಪು ಕಲೆಯ ಮೇಲೆ ನಿಂಬೆರಸ ಹಿಂಡುತ್ತಾರೆ. ಕೆಂಪು ಕ್ಷಣದಲ್ಲಿ ಮಾಯ! ಚಪ್ಪಾಳೆ! ಆಮ್ಲ ಸೋಕಿದ ಅರಿಸಿನ ತನ್ನ ಹಳೆಯ ಹಳದಿಗೆ ವಾಪಸಾಗಿದೆ, ಅಷ್ಟೇ. ಕಲೆ ಎಲ್ಲಿತ್ತೋ ಅಲ್ಲೇ ಆರಾಮವಾಗಿ ಕೂತಿದೆ. ಪಕ್ಷ ಬದಲಿಸಿದ ಶಾಸಕರನ್ನು ನೋಡಿದ ನಮಗೆ ಬಣ್ಣ ಬದಲಾದದ್ದೇ ಶುದ್ಧೀಕರಣ ಅನ್ನಿಸುವುದು ಸಹಜ. ನಿಜವಾದ ಮದ್ದು ಪುಕ್ಕಟೆಯಾಗಿ ತಲೆಯ ಮೇಲೆ ಉರಿಯುತ್ತಿರುತ್ತದೆ. ಒಗೆದು ಬಿಸಿಲಿಗೆ ಹರವಿದರೆ ಅರಿಸಿನ ತಾನಾಗಿ ಬಿಳಿಚಿಕೊಳ್ಳುತ್ತದೆ. ಬಿಸಿಲನ್ನು ಬಾಟಲಿಗೆ ತುಂಬಿ ಮಾರಲು ಆಗದ್ದರಿಂದ ಅದಕ್ಕೆ ರೀಲ್ ಇಲ್ಲ.

ಹಾಗಂತ ಮನೆಯ ಉಪಾಯಗಳೆಲ್ಲ ಬೊಗಳೆಯಲ್ಲ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ, ರಕ್ತಕ್ಕೆ ತಣ್ಣೀರು (ಬಿಸಿನೀರು ಹಾಕಿದಿರೋ, ಅದು ನೂಲಿಗೆ ಕಚ್ಚಿಕೊಂಡೀತು), ಬಾಲ್‌ಪೆನ್ನಿನ ಗೀಟಿಗೆ ಸ್ಪಿರಿಟ್ಟು, ಹಿತ್ತಾಳೆಗೆ ಹುಣಸೆ, ರೇಷ್ಮೆಗೆ ಅಂಟುವಾಳ. ಎಲ್ಲಕ್ಕೂ ಕಾರಣವುಂಟು, ಎಲ್ಲವೂ ನಡೆಯುತ್ತವೆ. ರೇಷ್ಮೆ ಪ್ರೋಟೀನಿನ ನೂಲು, ಕ್ಷಾರ ತಗುಲಿದರೆ ಸೊರಗುತ್ತದೆ; ಅಂಟುವಾಳದ ನೊರೆಯಲ್ಲಿ ಆ ಕಾಟವಿಲ್ಲ. ಆದರೆ ಬಾಳೆಯ ಕರೆಗೆ ಏನೂ ನಡೆಯುವುದಿಲ್ಲ. ಬಾಳೆಗೊನೆ ಕಡಿಯುವಾಗ ಸೊನೆ ಸಿಡಿದ ಅಂಗಿಯನ್ನು ತೋಟದ ಕೆಲಸಕ್ಕೆ ಮೀಸಲಿಡುವುದೇ ಮಲೆನಾಡಿನವರು ಕಂಡುಕೊಂಡ ಏಕೈಕ ಪರಿಹಾರ. ಸೋಲನ್ನು ಹೀಗೆ ಮರ್ಯಾದೆಯಿಂದ ಒಪ್ಪಿಕೊಳ್ಳುವ ಅಜ್ಜಿಯನ್ನು ಕ್ಯಾಮೆರಾ ಮುಂದೆ ತರಲು ಯಾರೂ ಮುಂದಾಗಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಅಜ್ಜಿಗೆ ಬಟ್ಟೆಯ ಕಲೆ ತೆಗೆಯುವ ಗುಟ್ಟು ಗೊತ್ತಿತ್ತು ಎಂದು ಹೇಳುವ ಮೊಮ್ಮಕ್ಕಳಲ್ಲಿ ಎಷ್ಟು ಜನರ ಅಜ್ಜಿ ಬಟ್ಟೆಯ ಗಂಟನ್ನು ತಾವೇ ಒಗೆಯುತ್ತಿದ್ದರು? ಮನೆಯ ಹಿಂಬಾಗಿಲಿಗೆ ಬಂದು ಗಂಟು ಎತ್ತಿಕೊಂಡು ಹೋಗುತ್ತಿದ್ದವರು ಬೇರೆ ಇದ್ದರು. ಬಾಣಂತಿಯ ಬಟ್ಟೆ, ಮುಟ್ಟಿನ ಬಟ್ಟೆ, ಸೂತಕದ ಬಟ್ಟೆ, ಅಂದರೆ ಕಲೆಗಳಲ್ಲೆಲ್ಲ ಹಠಮಾರಿ ಕಲೆಗಳು ಹೋಗುತ್ತಿದ್ದದ್ದು ಊರಿನ ಮಡಿವಾಳಿತಿಯ ಕೈಗೆ. ಅಜ್ಜಿಯ ಪಾಲಿಗೆ ಉಳಿದಿದ್ದ ಗುಟ್ಟೆಂದರೆ ಗಂಟನ್ನು ಸೋಕದೆ ಕೋಲಿನಿಂದ ತಳ್ಳುವುದು. ಕಲೆಯ ವಿದ್ಯೆ ಯಾರ ಕೈಯಲ್ಲಿತ್ತೋ ಅವರ ಮೊಮ್ಮಗಳಿಗೆ ವೀಣೆಯ ಹಿನ್ನೆಲೆ ಸಂಗೀತ ಇನ್ನೂ ಸಿಕ್ಕಿಲ್ಲ.

ಆ ವಿದ್ಯೆ ಸಾಮಾನ್ಯದ್ದಲ್ಲ. ಚೌಳು ನೆಲದಿಂದ ಬಾಚಿ ತಂದ ಕ್ಷಾರದ ಮಣ್ಣನ್ನು ನೀರಿಗೆ ಕದಡಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಹಂಡೆಯ ಮೇಲೆ ಒಟ್ಟಿ, ಕೆಳಗೆ ಉರಿ ಹಾಕಿ, ಆವಿಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಎಂದು ಹೆಸರು. ಇಂದಿನ ವಾಷಿಂಗ್ ಮೆಷಿನ್‌ನಲ್ಲಿ ‘ಸ್ಟೀಮ್ ವಾಶ್’ ಎಂಬ ಗುಂಡಿಗೆ ಹತ್ತು ಸಾವಿರ ಹೆಚ್ಚು ಕೊಡುತ್ತೇವಲ್ಲ, ಅದೇ ಇದು. ಯಾವ ಬಟ್ಟೆ ಉಬ್ಬೆಗೆ, ಯಾವುದು ಬರಿಯ ಬಂಡೆಗೆ, ಯಾವುದು ನೆರಳಿಗೆ, ಯಾವುದು ಹುಲ್ಲಿನ ಮೇಲಿನ ಬಿಸಿಲಿಗೆ ಎಂಬ ತೀರ್ಮಾನ ಮಾಡಬೇಕು. ಕೆರೆಯ ಮೆದು ನೀರು ಯಾವುದು, ಬಾವಿಯ ಗಡಸು ನೀರು ಯಾವುದೆಂದು ತಿಳಿದಿರಬೇಕು. ಹಿಂದೆ ಹತ್ತಿ ಬಟ್ಟೆಗೆ ಬಿಳುಪು ತರಲು ಆಡು ಕುರಿಗಳ ಹಿಕ್ಕೆ ಕದಡಿದ ನೀರೂ ಬಳಕೆಯಲ್ಲಿತ್ತು. ‘ಪ್ರಕೃತಿಗೆ ಮರಳಿ’ ಎನ್ನುವ ರೀಲಿನ ಕೈಗಳು ಹಿಕ್ಕೆಯವರೆಗೆ ಮಾತ್ರ ಮರಳುವುದಿಲ್ಲ. ಗುಲಾಬಿ ಎಸಳಿನವರೆಗೆ ಬಂದು ನಿಂತುಬಿಡುತ್ತವೆ.

ಇನ್ನೊಂದು ಸಂಗತಿ ಕೇಳಿ. ಊರಿನ ನೂರು ಮನೆಯ ಬಿಳಿ ಪಂಚೆಗಳು ಒಂದೇ ಕೆರೆಯ ದಂಡೆಯಲ್ಲಿ ಒಣಗುತ್ತಿದ್ದಾಗ ಯಾರ ಪಂಚೆ ಯಾರದೆಂದು ಹೇಗೆ ಗೊತ್ತಾಗಬೇಕು? ಅದಕ್ಕೆ ಇದ್ದದ್ದು ಕೇರು ಬೀಜ; ಕೆಲವು ಕಡೆ ಇದನ್ನು ಗುಡ್ಡೆಗೇರು ಎನ್ನುತ್ತಾರೆ. ಅದರ ಸೊನೆಯಿಂದ ಬಟ್ಟೆಯ ಮೂಲೆಯಲ್ಲಿ ಒಂದು ಗುರುತು ಹಾಕಿ ಸುಣ್ಣ ಸೋಕಿಸಿದರೆ ಕಪ್ಪಗೆ ಕೂತು, ಬಟ್ಟೆ ಹರಿದರೂ ಗುರುತು ಹೋಗುತ್ತಿರಲಿಲ್ಲ. ಕಲೆ ತೆಗೆಯುವುದೇ ವೃತ್ತಿಯಾಗಿದ್ದವರು ಜಗತ್ತಿನ ಅತ್ಯಂತ ಗಟ್ಟಿ ಕಲೆಯನ್ನೂ ಇಟ್ಟುಕೊಂಡಿದ್ದರು. ಆ ಸೊನೆ ಮೈಗೆ ತಗುಲಿದರೆ ಗುಳ್ಳೆ ಏಳುತ್ತಿತ್ತು. ಗುಳ್ಳೆ ಎದ್ದ ಕೈ ಯಾರದು ಎಂಬುದನ್ನು ಅಜ್ಜಿಯ ಗುಟ್ಟಿನ ಪುಸ್ತಕದಲ್ಲಿ ಬರೆದಿಲ್ಲ.

ಇಷ್ಟಾಗಿ ಬಟ್ಟೆ ಬೆಳ್ಳಗೆ ಮಡಚಿಕೊಂಡು ಮನೆಗೆ ಬಂತಲ್ಲ, ಆಮೇಲೆ ಸಂಪ್ರದಾಯಸ್ಥರ ಮನೆಯಲ್ಲಿ ಏನಾಗುತ್ತಿತ್ತು? ಅಗಸರ ಕೈಯಿಂದ ಬಂದದ್ದು ಮೈಲಿಗೆಯಲ್ಲವೇ? ಮತ್ತೆ ಬಾವಿಯ ನೀರಿಗೆ ಅದ್ದಿ, ಹಿಂಡಿ, ಮಡಿಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವಬೇಕು. ಕೊಳೆಯಿದ್ದ ಬಟ್ಟೆ ಕ್ಷಾರ, ಉರಿ, ಆವಿ, ಬಂಡೆ, ಬಿಸಿಲು ಎಲ್ಲ ದಾಟಿ ಬಂದರೂ ಶುದ್ಧವಾಗಲಿಲ್ಲ. ಎರಡು ಕೊಡ ತಣ್ಣೀರಿನಲ್ಲಿ ಶುದ್ಧವಾಯಿತು. ವಿನೆಗರ್–ಸೋಡಾ ಬುಸುಬುಸುವನ್ನು ನಂಬುವ ಮನಸ್ಸು ಹೊಸದೇನಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ. ಪರಿಣಾಮವಿಲ್ಲದ ವಿಧಿಯನ್ನು ಶ್ರದ್ಧೆಯಿಂದ ಮಾಡುವುದರಲ್ಲಿ ನಮಗೆ ಹಳೆಯ ಪಳಗಿಕೆ ಇದೆ.

ಮೆರವಣಿಗೆ ಬರುವಾಗ ನೆಲದ ಮೇಲೆ ನಡೆಮುಡಿ ಹಾಸಲು ಮಾತ್ರ ಅದೇ ಮಡಿವಾಳರು ಬೇಕಿತ್ತು. ವರ್ಷದ ಕೂಲಿ ಆಯದ ಕಾಳಿನಲ್ಲಿ ಮುಗಿಯುತ್ತಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡಿದ ಮಾಚಿದೇವರ ಜಯಂತಿಯನ್ನು ಸರ್ಕಾರ ಪ್ರತಿ ಫೆಬ್ರುವರಿ 1ಕ್ಕೆ ಆಚರಿಸುತ್ತದೆ. ಇಸ್ತ್ರಿ ಕೆಡದ ಬಿಳಿ ಅಂಗಿಗಳು ಸಾಲಾಗಿ ಬಂದು ಭಾವಚಿತ್ರಕ್ಕೆ ಹೂ ಹಾಕುತ್ತವೆ. ತಮ್ಮನ್ನು ಪರಿಶಿಷ್ಟ ಜಾತಿಗೆ ಸೇರಿಸಿ ಎಂಬ ಮಡಿವಾಳರ ಅರ್ಜಿ ವರ್ಷಗಳಿಂದ ಕಡತದಲ್ಲಿ ನೆನೆಯುತ್ತಲೇ ಇದೆ. ಅಷ್ಟು ದಿನ ನೆನೆಹಾಕಿದರೆ ಎಂಥ ಕಲೆಯೂ ಬಿಡಬೇಕಿತ್ತು.

ಈಗಿನ ‘ಮನೆಯಲ್ಲೇ ತಯಾರಿಸಿ’ ಪ್ರಚಾರದಲ್ಲಿ ಇನ್ನೊಂದು ತಮಾಷೆ ಇದೆ. ದೊಡ್ಡ ಕಂಪನಿಗಳ ಪುಡಿಯನ್ನು ಬಹಿಷ್ಕರಿಸಿ, ಹಿತ್ತಲಲ್ಲಿ ಮಾಡಿಕೊಳ್ಳಿ ಎಂದು ಕರೆ ಕೊಡುವವರು ಹಿತ್ತಲಿನ ಚರಿತ್ರೆಯನ್ನು ಮರೆತಿದ್ದಾರೆ. ಗುಜರಾತ್ ಸರ್ಕಾರದ ಇಲಾಖೆಯಲ್ಲಿ ಕೆಮಿಸ್ಟ್ ಆಗಿದ್ದ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಅಹಮದಾಬಾದಿನ ತಮ್ಮ ಹಿತ್ತಲಲ್ಲೇ ಪುಡಿ ಕಲಸಿ, ಸೈಕಲ್ಲಿನ ಮೇಲೆ ಇಟ್ಟುಕೊಂಡು ಮನೆಮನೆಗೆ ಮಾರಿದರು. 1959ರಿಂದಲೇ ಮಾರುಕಟ್ಟೆಯಲ್ಲಿದ್ದ ಸರ್ಫ್‌ಗಿಂತ ಹಲವು ಪಟ್ಟು ಅಗ್ಗ, ಕಿಲೋಗೆ ಮೂರು ರೂಪಾಯಿಯ ಆಸುಪಾಸು. ಮಗಳು ನಿರುಪಮಾಳ ಹೆಸರಿನಿಂದ ಅದು ನಿರ್ಮಾ ಆಯಿತು. ಕೇರಳದ ಎಂ.ಪಿ. ರಾಮಚಂದ್ರನ್ ತಮ್ಮ ಬಿಳಿ ಅಂಗಿಗೆ ಸರಿಯಾದ ನೀಲಿ ಸಿಗದೆ ಅಡುಗೆಮನೆಯಲ್ಲೇ ಪ್ರಯೋಗ ಮಾಡಿ ಉಜಾಲಾ ಮಾಡಿದರು. 1983ರಲ್ಲಿ ಕಂಪನಿ ಕಟ್ಟಿ ಅದಕ್ಕೆ ಮಗಳು ಜ್ಯೋತಿಯ ಹೆಸರಿಟ್ಟರು. ಇಬ್ಬರ ಶ್ರಮಕ್ಕೂ ನನ್ನ ನಮಸ್ಕಾರವಿದೆ. ಗಮನಿಸಬೇಕಾದ್ದು ಇಷ್ಟು: ಗಂಡಸು ಹಿತ್ತಲಲ್ಲಿ ಕಲಸಿದರೆ ಅದು ಕೈಗಾರಿಕೆ, ಮಗಳಿಗೆ ಸಿಗುವುದು ಪೊಟ್ಟಣದ ಮೇಲಿನ ಹೆಸರು. ಹೆಂಗಸು ಅಡುಗೆಮನೆಯಲ್ಲಿ ಕಲಸಿದರೆ ಅದು ‘ಸರಳ ಮನೆಮದ್ದು’, ಸಿಗುವುದು ಹೃದಯದ ಚಿಹ್ನೆ.

ಅಂದಹಾಗೆ ನೀಲಿ ಕೂಡ ಬಟ್ಟೆಯನ್ನು ಬೆಳ್ಳಗೆ ಮಾಡುವುದಿಲ್ಲ. ಹಳದಿಗಟ್ಟಿದ ಬಟ್ಟೆಗೆ ತುಸು ನೀಲಿ ಬಳಿದು ನಮ್ಮ ಕಣ್ಣಿಗೆ ಬಿಳುಪಿನ ಭ್ರಮೆ ಹುಟ್ಟಿಸುತ್ತದೆ. ಇಂದಿನ ಡಿಟರ್ಜೆಂಟಿನಲ್ಲಿ ಇರುವ ಹೊಳಪುಕಾರಕಗಳ ಕೆಲಸವೂ ಅದೇ: ಕಾಣದ ಅತಿನೇರಳೆ ಕಿರಣವನ್ನು ಹೀರಿ ಕಾಣುವ ನೀಲಿಯಾಗಿ ಹೊರಚೆಲ್ಲುವುದು. ಕೊಳೆ ಹೋಗಿರಲಿ ಬಿಡಲಿ, ಸಭೆಯಲ್ಲಿ ಮಿಂಚಿದರಾಯಿತು. ರಾಜಕೀಯದವರು ಬಿಳಿಯನ್ನೇ ಯಾಕೆ ಉಡುತ್ತಾರೆ ಎಂಬ ಪ್ರಶ್ನೆಗೆ ಇಷ್ಟು ಭೌತವಿಜ್ಞಾನ ಸಾಕು.

ಮನೆಯಲ್ಲೇ ಮಾಡಿದ ಬಟ್ಟೆಪುಡಿಯ ಪಾಕವಿಧಾನ ನಿಮಗೂ ಬಂದಿರಬಹುದು: ಸೋಪಿನ ಬಿಲ್ಲೆಯನ್ನು ಕೊಬ್ಬರಿ ತುರಿದ ಹಾಗೆ ತುರಿದು, ವಾಷಿಂಗ್ ಸೋಡಾ ಬೆರೆಸಿ, ಡಬ್ಬಿಗೆ ತುಂಬಿ. ಡಬ್ಬಿಯ ಮೇಲೆ ಸೆಣಬಿನ ದಾರದಲ್ಲಿ ಒಂದು ಹೂ ಕಟ್ಟುವುದನ್ನು ಮರೆಯಬಾರದು. ಈ ಪುಡಿಗೆ ಮೆದು ನೀರು ಸಿಕ್ಕರೆ ತಕ್ಕಮಟ್ಟಿಗೆ ಕೆಲಸ ಮಾಡೀತು. ಬೆಂಗಳೂರಿನ ಹೊರವಲಯದಲ್ಲಿ ಸಾವಿರ ಅಡಿಯ ಕೆಳಗಿಂದ ಬರುವ ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಸೋಪು ಸಿಕ್ಕಿದರೆ ಅದು ನೊರೆಯಾಗುವ ಬದಲು ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಟವೆಲ್ಲು ದಿನದಿನಕ್ಕೆ ಬೂದು ಬಣ್ಣಕ್ಕೆ ತಿರುಗಿ, ಮೈ ಒರೆಸಿದರೆ ಚರ್ಮ ಕೀಳುತ್ತದೆ. ಇದೇ ಕಾರಣಕ್ಕೆ ಜಗತ್ತು ಸೋಪಿನ ಪುಡಿ ಬಿಟ್ಟು ಡಿಟರ್ಜೆಂಟಿಗೆ ಹೋದದ್ದು. ರೀಲಿನಲ್ಲಿ ಟವೆಲ್ಲನ್ನು ಮೊದಲ ದಿನ ಮಾತ್ರ ತೋರಿಸುತ್ತಾರೆ, ಸರ್ಕಾರಿ ಕಾಮಗಾರಿಯ ಉದ್ಘಾಟನೆಯ ಫೋಟೋದಂತೆಯೇ ಅದೂ ಒಂದು ದಿನದ್ದು.

ಬಟ್ಟೆಯಿಂದ ಮೈಗೆ ಬಂದರೆ ಅಜ್ಜಿ ಇನ್ನೂ ಧಾರಾಳಿ. ಅಡುಗೆಮನೆಯಲ್ಲಿ ಮುಖಕ್ಕೆ ಹಚ್ಚದೆ ಉಳಿದದ್ದು ಗ್ಯಾಸ್ ಸಿಲಿಂಡರ್ ಒಂದೇ. ಕಡಲೆಹಿಟ್ಟು, ಹೆಸರುಹಿಟ್ಟು ಸರಿ, ತಲೆತಲಾಂತರದಿಂದ ಇದ್ದದ್ದು, ಜಿಡ್ಡು ಎತ್ತುತ್ತವೆ, ತೊಂದರೆಯೇನೂ ಇಲ್ಲ. ದೀಪಾವಳಿಯ ನೀರಿಗೆ ಹರಳೆಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ಉಜ್ಜಿದ ತಲೆಗೆ ಯಾವ ಶಾಂಪೂವಿನ ಶಿಫಾರಸೂ ಬೇಡ. ಕಣ್ಣಿಗೆ ಬಿದ್ದ ಸೀಗೆಯ ಉರಿ ಮಾತ್ರ ಮುಂದಿನ ದೀಪಾವಳಿಯವರೆಗೆ ನೆನಪಿರುತ್ತದೆ. ಮಲೆನಾಡಿನ ಮತ್ತಿ ಸೊಪ್ಪಿನ ಗೊಂಪು, ದಾಸವಾಳದ ಎಲೆ, ಬಯಲುಸೀಮೆಯ ಚಿಗರೆಪುಡಿ ಇವಕ್ಕೂ ಕೈಮುಗಿಯೋಣ. ಚಿಗರೆಪುಡಿಯನ್ನು ಎರಡು ಸಲ ತೊಳೆದರೂ ಕೂದಲಿನಲ್ಲಿ ಹಸಿರು ಉಳಿಯುತ್ತದೆ ಎಂಬುದನ್ನು ಬಾಟಲಿಯ ಮೇಲೆ ಬರೆಯಬೇಕಿತ್ತು.

ತೊಂದರೆ ಶುರುವಾಗುವುದು ನಿಂಬೆಹಣ್ಣಿನಿಂದ. ಮುಖಕ್ಕೆ ನಿಂಬೆರಸ ತಿಕ್ಕಿಕೊಂಡು ಬಿಸಿಲಿಗೆ ಹೋದರೆ, ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತವೆ. ಬೊಕ್ಕೆ ಎದ್ದು ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ. ಕಪ್ಪು ಕಲೆ ಹೋಗಲೆಂದು ಹಚ್ಚಿದ್ದು ನಿಂಬೆ. ಬಂದದ್ದು ಕಪ್ಪು ಕಲೆ. ಅದಕ್ಕೆ ಮುಂದಿನ ರೀಲ್‌ನಲ್ಲಿ ಸೋಡಾ. ನಮ್ಮ ಚರ್ಮ ತುಸು ಆಮ್ಲೀಯವಾಗಿ ಇರುವುದು ಕ್ರಿಮಿಗಳನ್ನು ದೂರವಿಡಲು. ಸೋಡಾ ಉಜ್ಜಿ ಆ ಬೇಲಿಯನ್ನೂ ಕಿತ್ತುಹಾಕಿದರೆ ಚರ್ಮರೋಗ ತಜ್ಞರ ಮನೆಯ ಮಾರ್ಬಲ್ಲಿಗೆ ಹೊಳಪು ಬರುತ್ತದೆ. ಮುಲ್ತಾನಿ ಮಿಟ್ಟಿಯ ಬಗ್ಗೆ ನಾನು ಮಾತಾಡುವುದಿಲ್ಲ. ಮುಲ್ತಾನ್ ಇರುವುದು ಪಾಕಿಸ್ತಾನದಲ್ಲಿ ಎಂದು ಯಾರಿಗಾದರೂ ನೆನಪಾದರೆ ನಮ್ಮ ದೇಶಭಕ್ತರ ಕೆನ್ನೆಗಳ ಗತಿಯೇನು?

ಅಕ್ಕಿ ತೊಳೆದ ನೀರಿನದು ಬೇರೆಯೇ ಭಾಗ್ಯ. ನಮ್ಮಲ್ಲಿ ಅದನ್ನು ಅಕ್ಕಚ್ಚು ಎಂದು ಕರೆದು, ಬಾನಿಗೆ ಸುರಿದು, ಕೊಟ್ಟಿಗೆಯ ಹಸುವಿಗೆ ಇಡುತ್ತಿದ್ದರು. ಅನ್ನ ಬಸಿದ ಗಂಜಿ ಹತ್ತಿ ಸೀರೆಗೆ ಹೋಗುತ್ತಿತ್ತು. ಈಗ ಅದೇ ನೀರು ಸೋಲ್ ನಗರದ ಸುತ್ತು ಹಾಕಿ, ಕೊರಿಯಾದ ಹೆಸರು ಹೊತ್ತು, ಗಾಜಿನ ತ್ವಚೆಯ ಭರವಸೆ ಕೊಡುತ್ತಾ ನೂರು ಮಿಲಿಲೀಟರಿಗೆ ನೂರಾರು ರೂಪಾಯಿಯಾಗಿ ವಾಪಸು ಬಂದಿದೆ. ಅಕ್ಕಚ್ಚು ಕುಡಿದೇ ಬೆಳೆದ ನಮ್ಮ ಮಲೆನಾಡು ಗಿಡ್ಡಗಳ ಮೈಹೊಳಪನ್ನು ಯಾರೂ ಮಾರುಕಟ್ಟೆಗೆ ಬಿಡಲಿಲ್ಲ. ಇದ್ದಿಲಿನ ಕತೆಯೂ ಇಷ್ಟೇ. ಉಮಿಕರಿಯಲ್ಲಿ ಹಲ್ಲು ಉಜ್ಜುತ್ತಿದ್ದವರನ್ನು ದಶಕಗಳ ಕಾಲ ಜಾಹೀರಾತಿನಲ್ಲಿ ನಾಚಿಸಿ, ಆ ನಾಚಿಕೆಯನ್ನೇ ಬಂಡವಾಳ ಮಾಡಿ ಬಿಳಿ ಪೇಸ್ಟ್ ಮಾರಿದ ಕಂಪನಿಗಳು ಈಗ ಕಪ್ಪು ಟ್ಯೂಬಿನಲ್ಲಿ ಇದ್ದಿಲನ್ನೇ ಇಟ್ಟಿವೆ. ನಡುವೆ ಒದ್ದಾಡಿ ಉಳಿದುಕೊಂಡದ್ದು ನಂಜನಗೂಡಿನ ಗುಲಾಬಿ ಹಲ್ಲುಪುಡಿ. ಅದು ಯಾರಿಗೂ ಏನೂ ಭರವಸೆ ಕೊಡದೆ ಕನ್ನಡಿಗರ ಬೆರಳ ತುದಿಯನ್ನು ಕೆಂಪು ಮಾಡುತ್ತಾ ಬಂದಿದೆ.

ಸರ್ಕಾರ ಮಾತ್ರ ಮನೆಮದ್ದನ್ನು ನಂಬಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಮೈಸೂರ್ ಸ್ಯಾಂಡಲ್ ಸೋಪಿನ ಪರಿಮಳ ಕನ್ನಡಿಗರಿಗೆ ಮರೆತೀತೆಂಬ ಹೆದರಿಕೆಗೋ ಏನೋ, 2025ರಲ್ಲಿ ಮುಂಬೈಯ ನಟಿಯೊಬ್ಬರಿಗೆ 6.20 ಕೋಟಿ ರೂಪಾಯಿ ಕೊಟ್ಟು ಎರಡು ವರ್ಷಕ್ಕೆ ರಾಯಭಾರಿಯಾಗಿ ನೇಮಿಸಿತು. ಎದ್ದ ಗಲಾಟೆಯ ನೊರೆ ಸೋಪಿನ ನೊರೆಗಿಂತ ಹೆಚ್ಚು ದಿನ ಉಳಿಯಿತು.

ಕಡೆಯದಾಗಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹೊಸ ದೇವರು, ಬಯೋ ಎಂಜೈಮ್. ಮೂರು ಪಾಲು ನಿಂಬೆ–ಕಿತ್ತಳೆ ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು, ಮೂರು ತಿಂಗಳು ಕಾಯುವುದು. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು. ಮರೆತು ಊರಿಗೆ ಹೋದವರ ಬಾಲ್ಕನಿಯಲ್ಲಿ ಬಾಟಲಿ ಸಿಡಿದು, ಕೆಳಗಿನ ಮಹಡಿಯವರು ಪೊಲೀಸರಿಗೆ ಫೋನ್ ಮಾಡುವುದೂ ಈ ಸಾಧನೆಯ ಒಂದು ಮೆಟ್ಟಿಲು. ಕೊನೆಗೆ ಸಿಗುವುದು ಹುಳಿ ವಾಸನೆಯ ಒಂದು ಮೆದು ಆಮ್ಲ. ಸಿಂಕಿನ ಕಲೆಗೆ ನಡೆಯುತ್ತದೆ, ಟೈಲ್ಸ್ ಒರೆಸಲೂ ಆದೀತು. ಮಾರ್ಬಲ್ ನೆಲಕ್ಕೆ ನೀರು ಬೆರೆಸದೆ ಸುರಿದರೆ ಕಲ್ಲಿನ ಹೊಳಪನ್ನು ತಿನ್ನುತ್ತದೆ. ಕಾರಣ ಮಾತ್ರ ಒಳ್ಳೆಯದು, ಅದನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ: ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂತು, 2017ರಲ್ಲಿ ಕೆರೆಗೆ ಬೆಂಕಿಯೇ ಬಿತ್ತು. ಆ ನೊರೆಯಲ್ಲಿ ಈ ಅಪಾರ್ಟ್‌ಮೆಂಟುಗಳ ಡಿಟರ್ಜೆಂಟೂ ಇದ್ದದ್ದು ಸುಳ್ಳಲ್ಲ. ಶೌಚ ನೀರನ್ನು ಶುದ್ಧಮಾಡುವ ಘಟಕ ಸರಿಯಾಗಿ ನಡೆಸಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಅದಕ್ಕೆ ಕರೆಂಟು ಬಿಲ್ಲು ಬರುತ್ತದೆ. ಕಿತ್ತಳೆ ಸಿಪ್ಪೆಗೆ ಬರುವುದಿಲ್ಲ.

ಎಚ್ಚರಿಕೆಯ ಒಂದು ಮಾತನ್ನು ತಮಾಷೆ ಬಿಟ್ಟು ಹೇಳುತ್ತೇನೆ. ‘ಎರಡು ಒಳ್ಳೆಯದು ಬೆರೆತರೆ ಇನ್ನೂ ಒಳ್ಳೆಯದು’ ಎಂಬ ರೀಲಿನ ತರ್ಕದಲ್ಲಿ ಟಾಯ್ಲೆಟ್ಟಿನ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಬಿಟ್ಟದ್ದು ಇದನ್ನೇ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಮೊಣಕಾಲೂರಿ ಅದನ್ನು ಉಸಿರಾಡುವವರು ರೀಲ್ ಮಾಡುವವರಲ್ಲ.

ಅವರು ಮನೆಗೆಲಸಕ್ಕೆ ಬರುವವರು. ಅಪಾರ್ಟ್‌ಮೆಂಟಿನ ಸಭೆಯಲ್ಲಿ ಇಂಥ ಒಂದು ಠರಾವು ಪಾಸಾಗುವುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ: ಬರುವ ಒಂದನೇ ತಾರೀಖಿನಿಂದ ಪಾತ್ರೆ, ಬಟ್ಟೆ, ನೆಲ ಮೂರಕ್ಕೂ ಎಂಜೈಮ್ ಮತ್ತು ಅಂಟುವಾಳವೇ. ಕೆರೆಯ ಸಲುವಾಗಿ ಎಲ್ಲರೂ ಕೈಯೆತ್ತುತ್ತಾರೆ. ಕೆಲಸದಾಕೆ ಲಿಫ್ಟಿನ ಬಳಿ ತಡೆದು ಹೇಳುತ್ತಾಳೆ: ‘ಇದ್ರಲ್ಲಿ ನೊರೆ ಬರಲ್ಲ ಮೇಡಂ, ಜಿಡ್ಡು ಬಿಡಲ್ಲ, ಎರಡು ಸಲ ಉಜ್ಬೇಕು. ತಿಂಗಳಿಗೆ ಇನ್ನೂರು ಜಾಸ್ತಿ ಕೊಡಿ.’ ವಿಷಯ ಗಂಭೀರವಾದ್ದರಿಂದ ಮುಂದಿನ ಸಭೆಗೆ ಹೋಗುತ್ತದೆ. ಅಷ್ಟರಲ್ಲಿ ಆಕೆ ಹತ್ತು ರೂಪಾಯಿಯ ಡಿಟರ್ಜೆಂಟ್ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಬಂದು, ಬಾಗಿಲು ಹಾಕಿಕೊಂಡು, ಬಟ್ಟೆಯನ್ನು ಬೆಳ್ಳಗೆ ಒಗೆದು ಹರವಿ ಹೋಗಿರುತ್ತಾಳೆ. ಮುಂದಿನ ಸಭೆಯಲ್ಲಿ ಎಂಜೈಮಿನ ಬಿಳುಪನ್ನು ಎಲ್ಲರೂ ಕಣ್ಣಾರೆ ಕಂಡು ಕೊಂಡಾಡಿ ಕಾರ್ಯದರ್ಶಿಗೆ ಶಾಲು ಹೊದಿಸುತ್ತಾರೆ. ಶಾಲು ಮುಗಿದು ತಿಂಡಿ ಬಂದ ಮೇಲೆ ಇನ್ನೂರು ರೂಪಾಯಿಯ ವಿಷಯ ಕೋರಂ ಇಲ್ಲದೆ ಮತ್ತೆ ಮುಂದಕ್ಕೆ ಹೋಗುತ್ತದೆ. ಪೊಟ್ಟಣದ ಹತ್ತು ರೂಪಾಯಿ ಆಕೆಯ ಲೆಕ್ಕಕ್ಕೆ.